ಲಾಸ್ ವೇಗಸ್‌ನ ಕ್ಯಾಸಿನೊ ರೆಸಾರ್ಟ್‌ನಲ್ಲಿ ಎಲ್ಲಿ ಉಣ್ಣಬೇಕು: ಬಫೆ, ಫುಡ್ ಹಾಲ್ ಮತ್ತು ಹೆಸರಾಂತ ಶೆಫ್‌ಗಳ ರೆಸ್ಟೋರೆಂಟ್‌ಗಳ ಹೋಲಿಕೆ

ಲಾಸ್ ವೇಗಸ್‌ಗೆ ಹೋಗುವವರು ಹೋಟೆಲ್ ಕೋಣೆಯ ದರವನ್ನು ವಾರಗಟ್ಟಲೆ ಹೋಲಿಸಿ ನೋಡುತ್ತಾರೆ, ಊಟದ ವಿಚಾರವನ್ನು ಮಾತ್ರ ಅಲ್ಲಿಗೆ ಹೋದಮೇಲೆ ನೋಡಿಕೊಳ್ಳೋಣ ಎಂದು ಬಿಟ್ಟುಬಿಡುತ್ತಾರೆ. ಆ ಊರಿನ ಮಟ್ಟಿಗೆ ಇದು ದುಬಾರಿಯಾದ ಕ್ರಮ. ಸ್ಟ್ರಿಪ್ ಎಂದು ಕರೆಯುವ ಸುಮಾರು 6.8 ಕಿಲೋಮೀಟರ್ ಉದ್ದದ ರಸ್ತೆಯ ಎರಡೂ ಬದಿಗೆ ನಿಂತಿರುವ ರೆಸಾರ್ಟ್‌ಗಳು ಎಷ್ಟು ವಿಸ್ತಾರವಾಗಿವೆಯೆಂದರೆ, ಎಂಜಿಎಂ ಗ್ರ್ಯಾಂಡ್ ಒಂದರಲ್ಲೇ 5,000ದಷ್ಟು ಕೋಣೆಗಳಿವೆ. ವೆನೀಷಿಯನ್ ಮತ್ತು ಅದಕ್ಕೆ ಕೂಡಿಕೊಂಡಿರುವ ಪಲಾಝೊ ಎರಡರ ಕೋಣೆಗಳ ಸಂಖ್ಯೆ 7,000ವನ್ನು ಮೀರುತ್ತದೆ. ಅಷ್ಟು ಜನರಿಗೆ ಉಣಬಡಿಸಲು ಒಂದೊಂದು ಸೂರಿನ ಕೆಳಗೂ ಹತ್ತಾರು ತಾಣಗಳಿವೆ, ಅವುಗಳ ನಡುವೆ ದರದಲ್ಲಿ ಹತ್ತು ಪಟ್ಟು ವ್ಯತ್ಯಾಸವೂ ಇದೆ. ಹಸಿದ ಹೊತ್ತಿನಲ್ಲಿ ಎದುರಿಗೆ ಕಂಡ ಮೊದಲ ಬಾಗಿಲನ್ನು ಹೊಕ್ಕವರು ತಮಗೆ ಬೇಕಾದುದಕ್ಕಿಂತ ಹೆಚ್ಚು ಕೊಟ್ಟು, ತಮಗೆ ಬೇಕಿಲ್ಲದ್ದನ್ನು ತಿಂದು ಹೊರಬರುವುದು ಅಲ್ಲಿ ತೀರ ಸಾಮಾನ್ಯ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಮೂರು ನಾಲ್ಕು ದಿನ ಸ್ಟ್ರಿಪ್‌ನಲ್ಲಿ ಉಳಿಯುವ ಹೆಚ್ಚಿನವರಿಗೆ ದಿನನಿತ್ಯದ ಊಟಕ್ಕೆ ಫುಡ್ ಹಾಲ್ (ಹಲವು ಅಡುಗೆಮನೆಗಳ ಕೌಂಟರ್‌ಗಳು ಒಂದೇ ಕಡೆ ಇರುವ ಅಂಗಳ), ಒಂದು ಹೊತ್ತಿಗೆ ಮುಂಚಿತವಾಗಿ ಕಾಯ್ದಿರಿಸಿದ ಒಳ್ಳೆಯ ರೆಸ್ಟೋರೆಂಟ್ ಎಂಬ ಜೋಡಣೆಯೇ ಹೆಚ್ಚು ಹೊಂದುತ್ತದೆ. ಬಫೆ ಈಗ ಅಗ್ಗದ ಆಯ್ಕೆಯಲ್ಲ. ಅದನ್ನು ಅನುಭವಕ್ಕೆಂದು ಆರಿಸಬೇಕೇ ಹೊರತು ಉಳಿತಾಯಕ್ಕೆಂದು ಅಲ್ಲ. ಹೀಗೆ ಹೇಳಲು ಕಾರಣಗಳೇನು, ಯಾರ ವಿಷಯದಲ್ಲಿ ಈ ಮಾತು ಬದಲಾಗುತ್ತದೆ ಎಂಬುದನ್ನು ಮುಂದೆ ವಿವರಿಸಿದ್ದೇನೆ.

ಅಗ್ಗದ ಊಟದ ಕಾಲ ಏಕೆ ಮುಗಿಯಿತು

ವೇಗಸ್‌ನಲ್ಲಿ ಊಟ ಅಗ್ಗ ಎಂಬ ಮಾತು ಸುಳ್ಳಾಗಿರಲಿಲ್ಲ. ಸ್ಟ್ರಿಪ್ ಆಗಿ ಬೆಳೆದ ಹೆದ್ದಾರಿಯ ಪಕ್ಕದಲ್ಲಿ 1941ರಲ್ಲಿ ತೆರೆದ ಎಲ್ ರ‍್ಯಾಂಚೊ ವೇಗಸ್ ಎಂಬ ಕ್ಯಾಸಿನೊ ಹೋಟೆಲ್, ಅದೇ ದಶಕದಲ್ಲಿ ಒಂದು ಡಾಲರ್‌ಗೆ ಹೊಟ್ಟೆ ತುಂಬ ತಿನ್ನಬಹುದಾದ ನಡುರಾತ್ರಿಯ ಬಫೆಯನ್ನು ಆರಂಭಿಸಿತು. ರಾತ್ರಿಯ ಕಾರ್ಯಕ್ರಮ ಮುಗಿದ ಮೇಲೆ ಗಿರಾಕಿಗಳು ಬೇರೆಡೆಗೆ ಹೋಗದೆ ಜೂಜಿನ ಅಂಗಳದಲ್ಲೇ ಉಳಿಯಲಿ ಎಂಬುದು ಅದರ ಉದ್ದೇಶ. ಹಳೆಯ ಪೇಟೆಯ ಗೋಲ್ಡನ್ ಗೇಟ್ ಕ್ಯಾಸಿನೊ 1959ರಿಂದ 50 ಸೆಂಟ್‌ಗೆ ಸಿಗಡಿಯ ಕಾಕ್‌ಟೇಲ್ (ಲೋಟದಲ್ಲಿ ಸಾಸ್ ಜೊತೆ ಕೊಡುವ ಸಿಗಡಿ, ಪಾನೀಯವಲ್ಲ) ಕೊಡುತ್ತಿದ್ದುದೂ ಇದೇ ಲೆಕ್ಕಾಚಾರದಿಂದ. ಅಡುಗೆಮನೆಯಲ್ಲಿ ಆದ ನಷ್ಟವನ್ನು ಸ್ಲಾಟ್ ಯಂತ್ರಗಳು ತುಂಬಿಕೊಡುತ್ತಿದ್ದವು.

1990ರ ದಶಕದಲ್ಲಿ ಈ ಲೆಕ್ಕ ತಲೆಕೆಳಗಾಯಿತು. ಲಾಸ್ ಏಂಜಲಿಸ್‌ನ ಶೆಫ್ ವೂಲ್ಫ್‌ಗ್ಯಾಂಗ್ ಪಕ್ 1992ರಲ್ಲಿ ಸೀಸರ್ಸ್ ಪ್ಯಾಲೇಸ್ ರೆಸಾರ್ಟ್‌ನ ಫೋರಮ್ ಶಾಪ್ಸ್ ಎಂಬ ಅಂಗಡಿ ಸಂಕೀರ್ಣದಲ್ಲಿ ಸ್ಪಾಗೊ ರೆಸ್ಟೋರೆಂಟ್ ತೆರೆದರು. ಜೂಜಾಡಲು ಬಂದವರು ಇಂತಹ ಊಟಕ್ಕೆ ಪೂರ್ತಿ ಬೆಲೆ ಕೊಟ್ಟಾರೆಯೇ ಎಂಬ ಸಂದೇಹಕ್ಕೆ ಅದರ ಯಶಸ್ಸೇ ಉತ್ತರವಾಯಿತು. 1998ರಲ್ಲಿ ಬೆಲಾಜಿಯೊ ರೆಸಾರ್ಟ್ ತೆರೆದಾಗ ಹೆಸರಾಂತ ರೆಸ್ಟೋರೆಂಟ್‌ಗಳ ಸಾಲನ್ನೇ ತನ್ನ ಆಕರ್ಷಣೆಯಾಗಿ ಮುಂದಿಟ್ಟಿತು. ಶತಮಾನ ಮುಗಿಯುವ ಹೊತ್ತಿಗೆ ಸ್ಟ್ರಿಪ್‌ನ ದೊಡ್ಡ ರೆಸಾರ್ಟ್‌ಗಳ ಒಟ್ಟು ಆದಾಯದಲ್ಲಿ ಜೂಜಿನ ಪಾಲು ಅರ್ಧಕ್ಕಿಂತ ಕೆಳಗಿಳಿದು, ಕೋಣೆ, ಊಟ, ಪಾನೀಯ, ಪ್ರದರ್ಶನ, ಅಂಗಡಿಗಳ ಪಾಲು ಮೇಲಾಯಿತು. ಅಂದರೆ ಊಟವೀಗ ಗಿರಾಕಿಯನ್ನು ಸೆಳೆಯಲು ಕೊಡುವ ಕೊಡುಗೆಯಲ್ಲ, ತಾನೇ ಲಾಭ ತರಬೇಕಾದ ವ್ಯಾಪಾರ. ಈ ಬದಲಾವಣೆಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಉಳಿದ ಹೋಲಿಕೆಯೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಬಫೆ

2020ರ ಮಾರ್ಚ್‌ನಲ್ಲಿ ಕೊರೊನಾ ಸೋಂಕಿನಿಂದಾಗಿ ಲಾಸ್ ವೇಗಸ್ ಇರುವ ನೆವಾಡ ರಾಜ್ಯದ ಕ್ಯಾಸಿನೊಗಳೆಲ್ಲ ಮುಚ್ಚಿದವು. ಜೂನ್‌ನಲ್ಲಿ ಅವು ಮತ್ತೆ ತೆರೆದಾಗ ಅನೇಕ ಬಫೆಗಳ ಬಾಗಿಲು ಮುಚ್ಚಿಯೇ ಇತ್ತು. ಏರಿಯಾ ರೆಸಾರ್ಟ್‌ನಲ್ಲಿ ಬಫೆ ಇದ್ದೆಡೆಗೆ 2022ರ ಕೊನೆಯಲ್ಲಿ ಪ್ರಾಪರ್ ಈಟ್ಸ್ ಎಂಬ ಫುಡ್ ಹಾಲ್ ಬಂದಿತು. ಸ್ಟ್ರಿಪ್‌ನ ಪಶ್ಚಿಮಕ್ಕಿರುವ ರಿಯೊ ಹೋಟೆಲ್‌ನ ಪ್ರಸಿದ್ಧ ಕಾರ್ನಿವಲ್ ವರ್ಲ್ಡ್ ಬಫೆಯೂ ಮರಳಿ ಬರಲಿಲ್ಲ. 2024ರಲ್ಲಿ ಅಲ್ಲಿ ಕ್ಯಾಂಟೀನ್ ಎಂಬ ಫುಡ್ ಹಾಲ್ ತೆರೆಯಿತು. ಉಳಿದುಕೊಂಡ ಬಫೆಗಳಲ್ಲಿ ಹೆಸರು ಮಾಡಿರುವುದು ಮುಖ್ಯವಾಗಿ ದುಬಾರಿಯಾದವೇ.

ಅವುಗಳಲ್ಲಿ ಸೀಸರ್ಸ್ ಪ್ಯಾಲೇಸ್‌ನ ಬಾಕನಾಲ್ ಎಲ್ಲರ ಬಾಯಲ್ಲಿರುವ ಹೆಸರು. 2012ರಲ್ಲಿ ತೆರೆದು, 2021ರಲ್ಲಿ ನವೀಕರಣಗೊಂಡು ಮತ್ತೆ ಆರಂಭವಾದ ಈ ಬಫೆಯಲ್ಲಿ ಏಡಿ, ಸಿಗಡಿ, ನಿಧಾನವಾಗಿ ಬೇಯಿಸಿ ಹೋಳು ಮಾಡಿ ಕೊಡುವ ಮಾಂಸ, ಸುಶಿ, ಡಿಮ್ ಸಮ್, ಸಿಹಿತಿಂಡಿಗಳೆಲ್ಲವನ್ನೂ ಕಣ್ಣೆದುರೇ ಸಿದ್ಧಪಡಿಸುವ ಹಲವು ಅಡುಗೆಕಟ್ಟೆಗಳಿವೆ. ಈಚಿನ ವರ್ಷಗಳಲ್ಲಿ ರಾತ್ರಿಯೂಟದ ದರ ತೆರಿಗೆ ಸೇರುವ ಮೊದಲೇ 80 ಡಾಲರ್‌ನ ಆಸುಪಾಸಿಗೆ ಬಂದಿದೆ, ಮೇಜಿನಲ್ಲಿ ಕೂರಲು ಒಂದೂವರೆ ಗಂಟೆಯ ಮಿತಿಯೂ ಇದೆ. ವಿನ್ ರೆಸಾರ್ಟ್‌ನ ಬಫೆ ಬಾಕನಾಲ್‌ನಷ್ಟು ವಿಸ್ತಾರವಾದುದಲ್ಲದಿದ್ದರೂ ಅಲ್ಲಿನ ಕೋಣೆ ಬೆಳಕಿನಿಂದ ತುಂಬಿ ಹಗುರವೆನಿಸುತ್ತದೆ. ಕಾಸ್ಮೊಪಾಲಿಟನ್ ರೆಸಾರ್ಟ್‌ನ ವಿಕೆಡ್ ಸ್ಪೂನ್ ಬಫೆಯಲ್ಲಿ ಹೆಚ್ಚಿನ ಖಾದ್ಯಗಳನ್ನು ಒಬ್ಬೊಬ್ಬರಿಗೆ ಒಂದೊಂದು ಎಂಬಂತೆ ಚಿಕ್ಕ ಬಟ್ಟಲುಗಳಲ್ಲಿ ಜೋಡಿಸಿಡುತ್ತಾರೆ, ಹೀಗಾಗಿ ಊಟ ಕೈಗೆ ಬರುವಾಗ ಅಚ್ಚುಕಟ್ಟಾಗಿರುತ್ತದೆ ಮತ್ತು ಅನೇಕ ಬಗೆಗಳನ್ನು ರುಚಿ ನೋಡುವುದು ಸುಲಭ. ಆದರೆ ಅದು ಬೆಳಗಿನಿಂದ ಮಧ್ಯಾಹ್ನದವರೆಗಿನ ಬ್ರಂಚ್‌ಗೆ ಮಾತ್ರ ಸೀಮಿತ. ಈ ಮೂರರಲ್ಲಿ ಒಂದನ್ನೇ ಆರಿಸಬೇಕೆಂದರೆ, ಏಡಿ ಮತ್ತು ಮಾಂಸದ ಮೇಲೆ ನಿಜವಾದ ಆಸೆಯುಳ್ಳವರಿಗೆ ಬಾಕನಾಲ್‌ನ್ನೂ, ಮಿತವಾಗಿ ತಿಂದು ಬಗೆಬಗೆಯ ರುಚಿ ನೋಡಬೇಕೆನ್ನುವವರಿಗೆ ವಿಕೆಡ್ ಸ್ಪೂನ್‌ನ್ನೂ ಸೂಚಿಸುತ್ತೇನೆ.

ಬಫೆಯ ದರ ನಿಗದಿಯಾಗುವುದು ಅಲ್ಲಿನ ದುಬಾರಿ ವಸ್ತುಗಳಿಂದ. ಏಡಿಯ ಕಾಲುಗಳು, ಸಿಗಡಿ, ಮಾಂಸದ ದೊಡ್ಡ ಹೋಳುಗಳ ಖರ್ಚೇ ಆ 80 ಡಾಲರ್‌ನಲ್ಲಿ ಬಹುಪಾಲು. ಆದುದರಿಂದ ಇವುಗಳನ್ನು ತಿನ್ನದವರು, ಮುಖ್ಯವಾಗಿ ಸಸ್ಯಾಹಾರಿಗಳು, ಇತರರ ತಟ್ಟೆಗೂ ಸೇರಿಸಿ ಹಣ ಕೊಟ್ಟಂತಾಗುತ್ತದೆ. ಹಣ್ಣು, ತರಕಾರಿ ಸಲಾಡ್, ಪಾಸ್ತಾ, ಸಿಹಿತಿಂಡಿ ಇವಿಷ್ಟಕ್ಕೆ ಅಷ್ಟು ಬೆಲೆ ತೆರುವುದು ಸರಿಯೆಂದು ನನಗೆ ಅನಿಸುವುದಿಲ್ಲ. ಹಾಗೆಯೇ ಚಿಕ್ಕ ಮಕ್ಕಳಿಗೆ ದರದಲ್ಲಿ ರಿಯಾಯಿತಿ ಇರುವುದುಂಟು, ಆದರೆ ವಯಸ್ಸಿನ ಮಿತಿ ಒಂದೊಂದು ಕಡೆ ಒಂದೊಂದು ತೆರನಾಗಿರುವುದರಿಂದ ಕಾಯ್ದಿರಿಸುವ ಮೊದಲೇ ಅದನ್ನು ಓದಿಕೊಳ್ಳಬೇಕು. ಮದ್ಯಕ್ಕೆ ಬಹುತೇಕ ಬೇರೆ ಹಣ ಕೊಡಬೇಕಾಗುತ್ತದೆ.

ಬಫೆಗೆ ಹೋಗುವುದೆಂದು ನಿರ್ಧರಿಸಿದವರು ಅದನ್ನೇ ಆ ದಿನದ ಮುಖ್ಯ ಊಟವನ್ನಾಗಿ ಮಾಡಿಕೊಳ್ಳಲಿ. ಬೆಳಿಗ್ಗೆ ತಡವಾಗಿ, ಇಲ್ಲವೇ ಮಧ್ಯಾಹ್ನದ ನೂಕುನುಗ್ಗಲು ಇಳಿದ ಮೇಲೆ ಹೋದರೆ ಸಾಲು ಚಿಕ್ಕದಾಗಿರುತ್ತದೆ. ಬ್ರಂಚ್‌ನ ದರ ಸಾಮಾನ್ಯವಾಗಿ ರಾತ್ರಿಯ ದರಕ್ಕಿಂತ ಕಡಿಮೆ. ವಾರಾಂತ್ಯದ ರಾತ್ರಿಗಳಲ್ಲಿ ಮುಂಗಡ ಕಾಯ್ದಿರಿಸದೆ ಹೋಗುವುದು ಬೇಡ. ಕಾಯುವ ಹೊತ್ತು ಊಟದ ಹೊತ್ತನ್ನೂ ಮೀರಬಹುದು. ಒಳಗೆ ಹೋದಮೇಲೆ ತಟ್ಟೆ ಹಿಡಿಯುವ ಮೊದಲು ಒಂದು ಸುತ್ತು ಹಾಕಿ ಎಲ್ಲಿ ಏನಿದೆ ಎಂದು ನೋಡಿಕೊಳ್ಳುವುದು ಒಳ್ಳೆಯ ಅಭ್ಯಾಸ. ಪಾನೀಯ ತಂದುಕೊಟ್ಟು, ಖಾಲಿ ತಟ್ಟೆಗಳನ್ನು ತೆಗೆಯುವ ನೌಕರರಿಗೆ ತಲೆಗೆ ಕೆಲವು ಡಾಲರ್ ಟಿಪ್ಸ್ ಇಡುವುದು ಅಲ್ಲಿನ ರೂಢಿ, ಅದನ್ನು ಮರೆಯಬಾರದು.

ಫುಡ್ ಹಾಲ್

ಒಂದೇ ಅಂಗಳದಲ್ಲಿ ಹಲವು ಅಡುಗೆಮನೆಗಳ ಕೌಂಟರ್‌ಗಳು, ನಡುವೆ ಎಲ್ಲರಿಗೂ ಸೇರಿದ ಮೇಜುಗಳು: ಇದು ಫುಡ್ ಹಾಲ್‌ನ ವ್ಯವಸ್ಥೆ. ಶಾಪಿಂಗ್ ಮಾಲ್‌ಗಳಲ್ಲಿ ಕಾಣುವ ಫುಡ್ ಕೋರ್ಟ್‌ನಂತೆಯೇ ತೋರಿದರೂ ಎರಡರ ನಡುವೆ ವ್ಯತ್ಯಾಸವಿದೆ. ಫುಡ್ ಕೋರ್ಟ್‌ನಲ್ಲಿ ದೇಶವಿಡೀ ಸಿಗುವ ಬರ್ಗರ್, ಪಿಜ್ಜಾ ಸರಣಿಗಳೇ ಇರುತ್ತವೆ, ಆದರೆ ರೆಸಾರ್ಟ್‌ನೊಳಗಿನ ಬೆಲೆಯಲ್ಲಿ. ಫುಡ್ ಹಾಲ್‌ನಲ್ಲಿ ಬೇರೆ ನಗರಗಳಲ್ಲಿ ಹೆಸರು ಮಾಡಿದ ಚಿಕ್ಕ ಅಡುಗೆಮನೆಗಳನ್ನು ಆರಿಸಿ ತಂದಿರುತ್ತಾರೆ.

ಕಾಸ್ಮೊಪಾಲಿಟನ್‌ನಲ್ಲಿ 2018ರಲ್ಲಿ ಬ್ಲಾಕ್ 16 ಎಂಬ ಫುಡ್ ಹಾಲ್ ಆರಂಭವಾದದ್ದು ಈ ಅಲೆಯ ಮುಖ್ಯ ಹೆಜ್ಜೆ. ಅದೇ ವರ್ಷದ ಡಿಸೆಂಬರ್‌ನಲ್ಲಿ ಪಾರ್ಕ್ ಎಂಜಿಎಂನಲ್ಲಿ ಇಟಲಿಯ ಆಹಾರಕ್ಕೇ ಮೀಸಲಾದ ಈಟಲಿ ತೆರೆಯಿತು. 2021ರ ಜೂನ್‌ನಲ್ಲಿ ಉದ್ಘಾಟನೆಗೊಂಡ ರೆಸಾರ್ಟ್ಸ್ ವರ್ಲ್ಡ್, ಆಗ್ನೇಯ ಏಷ್ಯಾದ ಬೀದಿ ಅಡುಗೆಯ ಮಾದರಿಯಲ್ಲಿ ಫೇಮಸ್ ಫುಡ್ಸ್ ಎಂಬ ಅಂಗಳವನ್ನು ರೂಪಿಸಿತು. ಆ ರೆಸಾರ್ಟ್‌ನ ಒಡೆತನ ಮಲೇಷ್ಯಾ ಮೂಲದ ಗೆಂಟಿಂಗ್ ಸಂಸ್ಥೆಯದು ಎಂಬುದನ್ನು ನೆನೆದರೆ ಈ ಆಯ್ಕೆ ಸಹಜವೆನಿಸುತ್ತದೆ. 2023ರ ಡಿಸೆಂಬರ್‌ನಲ್ಲಿ ತೆರೆದ ಫೌಂಟೇನ್‌ಬ್ಲೂ ಕೂಡ ಫುಡ್ ಹಾಲ್‌ನೊಂದಿಗೇ ಬಂದಿತು. ಹೊಸ ರೆಸಾರ್ಟ್ ಕಟ್ಟುವವರು ಬಫೆಗೆ ಬದಲಾಗಿ ಇದನ್ನು ಆರಿಸುತ್ತಿರುವುದಕ್ಕೆ ಕಾರಣ ಸ್ಪಷ್ಟ: ಆಹಾರ ಹಾಳಾಗುವುದು ಕಡಿಮೆ, ಬೇಕಾಗುವ ನೌಕರರೂ ಕಡಿಮೆ.

ಉಣ್ಣುವವರಿಗೂ ಇದರಲ್ಲಿ ಲಾಭವಿದೆ. ಒಬ್ಬರಿಗೆ ನೂಡಲ್ಸ್, ಇನ್ನೊಬ್ಬರಿಗೆ ಟಾಕೊ, ಮಗುವಿಗೆ ಪಿಜ್ಜಾ ಎಂದಾಗ ಎಲ್ಲರೂ ತಮ್ಮ ತಮ್ಮದನ್ನು ತಂದು ಒಂದೇ ಮೇಜಿಗೆ ಕೂರಬಹುದು. ಹಸಿವಿದ್ದಷ್ಟಕ್ಕೇ ಹಣ ಕೊಟ್ಟರಾಯಿತು. ಅರ್ಧ ಗಂಟೆಯೊಳಗೆ ಊಟ ಮುಗಿಯುತ್ತದೆ. ಒಬ್ಬರ ಊಟ 15ರಿಂದ 25 ಡಾಲರ್‌ಗಳಲ್ಲಿ ಆಗುವುದು ಸ್ಟ್ರಿಪ್‌ನಲ್ಲಿ ಮಿತವೆಂದೇ ಹೇಳಬೇಕು. ಏಕಾಂಗಿಯಾಗಿ ಬಂದವರಿಗೂ ಇಲ್ಲಿ ಮುಜುಗರವಿಲ್ಲ. ಕೊರತೆಗಳೂ ಇಲ್ಲದಿಲ್ಲ: ಮಧ್ಯಾಹ್ನ ಹನ್ನೆರಡರಿಂದ ಒಂದೂವರೆಯವರೆಗೆ ಮೇಜು ಹುಡುಕುವುದೇ ಕೆಲಸವಾಗುತ್ತದೆ, ಗದ್ದಲದಲ್ಲಿ ನೆಮ್ಮದಿಯ ಮಾತುಕತೆ ಆಗದು, ಕೆಲವು ಕೌಂಟರ್‌ಗಳು ರಾತ್ರಿ ಬೇಗ ಮುಚ್ಚುತ್ತವೆ. ನೀರಿನ ಬಾಟಲಿಯಂತಹ ಚಿಕ್ಕ ವಸ್ತುಗಳ ಬೆಲೆ ಊಟದ ಬೆಲೆಗೆ ಹೋಲಿಸಿದರೆ ವಿಪರೀತವಾಗಿರುತ್ತದೆ. ಲೋಟದಲ್ಲಿ ನೀರು ಕೇಳಿದರೆ ಸಾಮಾನ್ಯವಾಗಿ ಕೊಡುತ್ತಾರೆ.

ಕಾಸ್ಮೊಪಾಲಿಟನ್‌ನ ಮೂರನೆಯ ಅಂತಸ್ತಿನಲ್ಲಿ, ಹೊರಗೆ ಹೆಸರಿನ ಫಲಕವೂ ಇಲ್ಲದ, ಹಳೆಯ ಗ್ರಾಮಫೋನ್ ತಟ್ಟೆಗಳ ರಕ್ಷಾಪುಟಗಳನ್ನು ಗೋಡೆಗೆ ತೂಗುಹಾಕಿರುವ ಓಣಿಯ ಕೊನೆಯಲ್ಲಿ ಒಂದು ಚಿಕ್ಕ ಪಿಜ್ಜಾ ಅಂಗಡಿಯಿದೆ. ಸೀಕ್ರೆಟ್ ಪಿಜ್ಜಾ ಎಂದೇ ಜನ ಅದನ್ನು ಕರೆಯುತ್ತಾರೆ. ತಡರಾತ್ರಿಯವರೆಗೂ ತೆರೆದಿರುವ ಇಂತಹ ತುಂಡು ಪಿಜ್ಜಾದ ಕೌಂಟರ್‌ಗಳನ್ನು ನೆನಪಿನಲ್ಲಿಟ್ಟುಕೊಂಡರೆ ರಾತ್ರಿ ಹನ್ನೊಂದರ ಮೇಲೆ ಕಷ್ಟವಾಗುವುದಿಲ್ಲ.

ಹೆಸರಾಂತ ಶೆಫ್‌ಗಳ ರೆಸ್ಟೋರೆಂಟ್

ಆಯ್ಕೆ ನಿಜವಾಗಿ ಕಠಿಣವಾಗುವುದು ಇಲ್ಲಿ, ಏಕೆಂದರೆ ಬಾಗಿಲ ಮೇಲಿನ ಹೆಸರು ಮತ್ತು ಒಳಗಿನ ಅಡುಗೆಯ ನಡುವಿನ ಸಂಬಂಧ ಎಲ್ಲ ಕಡೆಯೂ ಒಂದೇ ಆಗಿರುವುದಿಲ್ಲ. ಕೆಲವು ರೆಸ್ಟೋರೆಂಟ್‌ಗಳನ್ನು ಶೆಫ್‌ನ ಸಂಸ್ಥೆಯೇ ನಡೆಸುತ್ತದೆ. ಇನ್ನು ಕೆಲವಲ್ಲಿ ನೌಕರರು, ಕಟ್ಟಡ, ಖರೀದಿ ಎಲ್ಲವೂ ಕ್ಯಾಸಿನೊದ್ದೇ; ಹೆಸರು ಮತ್ತು ಪಾಕವಿಧಾನಗಳನ್ನು ಬಳಸಲು ಶೆಫ್‌ಗೆ ಶುಲ್ಕ ಸಲ್ಲುತ್ತದೆ. ಎರಡನೆಯ ಬಗೆಯಲ್ಲೂ ಊಟ ಚೆನ್ನಾಗಿರಬಹುದು, ಆದರೆ ಟಿವಿಯಲ್ಲಿ ಕಂಡ ಮುಖ ಅಡುಗೆಮನೆಯಲ್ಲಿ ಇರುತ್ತದೆಂದು ನಿರೀಕ್ಷಿಸುವುದು ಸರಿಯಲ್ಲ. ವೇಗಸ್‌ನ ಆ ಅಡುಗೆಮನೆಯನ್ನು ದಿನವೂ ನಡೆಸುವ ಮುಖ್ಯ ಬಾಣಸಿಗ ಯಾರು, ಆತ ಅಥವಾ ಆಕೆ ಎಷ್ಟು ವರ್ಷದಿಂದ ಅಲ್ಲಿದ್ದಾರೆ ಎಂಬುದೇ ಊಟದ ಮಟ್ಟಿಗೆ ಹೆಚ್ಚು ಮುಖ್ಯವಾದ ಸಂಗತಿ.

ಮಿಶೆಲಿನ್ ಎಂಬ ಕೈಪಿಡಿ ಉತ್ತಮ ರೆಸ್ಟೋರೆಂಟ್‌ಗಳಿಗೆ ಒಂದರಿಂದ ಮೂರರವರೆಗೆ ಕೊಡುವ ನಕ್ಷತ್ರಗಳ ವಿಷಯದಲ್ಲೂ ಎಚ್ಚರ ಬೇಕು. ಲಾಸ್ ವೇಗಸ್‌ಗೆ ಮೀಸಲಾದ ಮಿಶೆಲಿನ್ ಕೈಪಿಡಿ ಪ್ರಕಟವಾದದ್ದು 2008 ಮತ್ತು 2009ರ ಆವೃತ್ತಿಗಳಲ್ಲಿ ಮಾತ್ರ. ಆಮೇಲೆ ಅದನ್ನು ನಿಲ್ಲಿಸಲಾಯಿತು. ಎಂಜಿಎಂ ಗ್ರ್ಯಾಂಡ್‌ನಲ್ಲಿ 2005ರಲ್ಲಿ ತೆರೆದ ಜೋಯೆಲ್ ರೊಬುಶೊನ್ ರೆಸ್ಟೋರೆಂಟ್‌ಗೆ ಆಗ ಮೂರು ನಕ್ಷತ್ರಗಳು ಸಂದವು, ಸೀಸರ್ಸ್ ಪ್ಯಾಲೇಸ್‌ನ ಗೀ ಸವಾಯ್ ರೆಸ್ಟೋರೆಂಟ್‌ಗೆ ಎರಡು. ಆದುದರಿಂದ ಸ್ಟ್ರಿಪ್‌ನ ಯಾವುದಾದರೂ ಜಾಹೀರಾತಿನಲ್ಲಿ ನಕ್ಷತ್ರಗಳ ಮಾತು ಬಂದರೆ, ಅದು ಯಾವ ವರ್ಷದ್ದು, ಇದೇ ರೆಸ್ಟೋರೆಂಟ್‌ಗೆ ಬಂದದ್ದೇ ಅಥವಾ ಅದೇ ಶೆಫ್ ಬೇರೆ ದೇಶದಲ್ಲಿ ನಡೆಸುವ ಇನ್ನೊಂದಕ್ಕೆ ಬಂದದ್ದೇ ಎಂದು ವಿಚಾರಿಸಬೇಕು. ರೊಬುಶೊನ್ ಅವರು 2018ರಲ್ಲಿ ತೀರಿಕೊಂಡರೂ ಅವರ ಹೆಸರಿನ ರೆಸ್ಟೋರೆಂಟ್ ಅವರು ಕಲಿಸಿದ ಶಿಸ್ತಿನಲ್ಲೇ ಮುಂದುವರಿಯಿತು.

ಇಂತಹ ಕಡೆಗಳಲ್ಲಿ ಹಲವು ಬಾರಿಯಾಗಿ ಬಡಿಸುವ ಪೂರ್ಣ ಊಟಕ್ಕೆ ತಲೆಗೆ ನೂರಾರು ಡಾಲರ್ ಆಗುತ್ತದೆ, ಎರಡೂವರೆ ಮೂರು ಗಂಟೆ ಹಿಡಿಯುತ್ತದೆ. ಅದಕ್ಕೆ ಬೆಲೆ ಇಲ್ಲವೆಂದು ನಾನು ಹೇಳುವುದಿಲ್ಲ. ಅಡುಗೆಯನ್ನು ಕಲೆಯಾಗಿ ಕಾಣುವವರಿಗೆ ಅದೊಂದು ದೊಡ್ಡ ಸಂತೋಷ. ಆದರೆ ಅಷ್ಟು ಖರ್ಚಿಲ್ಲದೆಯೂ ಅದೇ ಕೈಗಳ ರುಚಿ ನೋಡುವ ದಾರಿಗಳಿವೆ. ರೊಬುಶೊನ್ ಅವರದೇ ಲಾತಲಿಯೆ, ದೊಡ್ಡ ರೆಸ್ಟೋರೆಂಟ್‌ನ ಪಕ್ಕದಲ್ಲೇ ಇದ್ದು, ಅಲ್ಲಿ ಅಡುಗೆಮನೆಗೆ ಎದುರಾಗಿ ಕೌಂಟರ್‌ನಲ್ಲಿ ಕುಳಿತು ಚಿಕ್ಕ ಪ್ರಮಾಣದ ಖಾದ್ಯಗಳನ್ನು ತರಿಸಿಕೊಳ್ಳಬಹುದು. ಥಾಮಸ್ ಕೆಲ್ಲರ್ ಅವರ ಬೂಶೊನ್ 2004ರಿಂದ ವೆನೀಷಿಯನ್‌ನಲ್ಲಿದೆ. ಅಲ್ಲಿ ರಾತ್ರಿಯೂಟಕ್ಕಿಂತ ಬೆಳಗಿನ ತಿಂಡಿಗೆ ಹೋಗುವುದು ಜಾಣತನ, ಏಕೆಂದರೆ ಅಮೆರಿಕದ ಅತ್ಯಂತ ಗೌರವಾನ್ವಿತ ಶೆಫ್‌ಗಳಲ್ಲಿ ಒಬ್ಬರ ಅಡುಗೆಮನೆಯ ಬ್ರೆಡ್ಡು, ಮೊಟ್ಟೆ, ಕಾಫಿ ಸಾಧಾರಣ ಕೆಫೆಗಿಂತ ಸ್ವಲ್ಪವೇ ಹೆಚ್ಚಿನ ಬೆಲೆಗೆ ಸಿಗುತ್ತದೆ. ಸಂಜೆ ಐದೂವರೆ ಆರರ ಹೊತ್ತಿಗೆ, ಪ್ರದರ್ಶನಕ್ಕೆ ಹೋಗುವವರಿಗೆಂದು ನಿಗದಿತ ಬೆಲೆಯ ಮೂರು ಬಡಿಸುವಿಕೆಯ ಊಟ ಕೊಡುವ ಕಡೆಗಳೂ ಇವೆ. ಪ್ರತಿ ವರ್ಷ ನಡೆಯುವ ರೆಸ್ಟೋರೆಂಟ್ ವೀಕ್‌ನಲ್ಲಿ ಹಲವು ದೊಡ್ಡ ರೆಸ್ಟೋರೆಂಟ್‌ಗಳು ಇಂತಹ ನಿಗದಿತ ಊಟಗಳನ್ನು ಕೊಡುತ್ತವೆ, ಅದರ ಒಂದು ಪಾಲು ತ್ರೀ ಸ್ಕ್ವೇರ್ ಎಂಬ ಅಲ್ಲಿನ ಆಹಾರ ನೆರವಿನ ಸಂಸ್ಥೆಗೆ ಹೋಗುತ್ತದೆ.

ಮಾಂಸದ ದಪ್ಪ ಹೋಳುಗಳೇ ಮುಖ್ಯವಾಗಿರುವ ಸ್ಟೇಕ್‌ಹೌಸ್‌ಗಳಲ್ಲಿ ಮೆನುವನ್ನು ಓದುವ ಕ್ರಮ ಬೇರೆ. ಅಲ್ಲಿ ಬರೆದಿರುವ ದರ ಮಾಂಸದ್ದು ಮಾತ್ರ. ಆಲೂಗಡ್ಡೆ, ಸೊಪ್ಪು, ಅಣಬೆ, ಸಾಸ್ ಎಲ್ಲಕ್ಕೂ ಬೇರೆ ಬೇರೆ ದರ. ಪಕ್ಕದ ಖಾದ್ಯಗಳು ಇಬ್ಬರು ಮೂವರಿಗೆ ಸಾಲುವಷ್ಟು ದೊಡ್ಡದಾಗಿರುವುದರಿಂದ ನಾಲ್ಕು ಮಂದಿಯ ಗುಂಪಿಗೆ ಈ ಆಯ್ಕೆ ಹೊಂದುತ್ತದೆ, ಒಬ್ಬರಿಗೆ ಹೊಂದುವುದಿಲ್ಲ.

ನೋಟಕ್ಕಾಗಿ ಹಣ ಕೊಡುವುದು ಇನ್ನೊಂದು ಪ್ರಶ್ನೆ. ಬೆಲಾಜಿಯೊದ ಕೊಳಕ್ಕೆ ಎದುರಾಗಿರುವ ಸ್ಪಾಗೊ, ಲಾಗೊ, ಪ್ರೈಮ್ ಸ್ಟೇಕ್‌ಹೌಸ್‌ಗಳಿಂದ ಕಾರಂಜಿಯ ಕುಣಿತ ಕಾಣುತ್ತದೆ. ರಸ್ತೆಯ ಆಚೆಯ ಪ್ಯಾರಿಸ್ ರೆಸಾರ್ಟ್‌ನ ಐಫೆಲ್ ಟವರ್ ರೆಸ್ಟೋರೆಂಟ್‌ನಿಂದ ಅದನ್ನೇ ಎತ್ತರದಿಂದ ನೋಡಬಹುದು. ಸ್ಪಾಗೊ ಸೀಸರ್ಸ್‌ನಿಂದ ಬೆಲಾಜಿಯೊಗೆ ಸ್ಥಳ ಬದಲಿಸಿದ್ದು 2018ರಲ್ಲಿ. ಕಿಟಕಿಯ ಪಕ್ಕದ ಮೇಜು ಸಿಗುತ್ತದೆಂಬ ಖಾತರಿ ಹೆಚ್ಚಿನ ಕಡೆ ಇರುವುದಿಲ್ಲ, ಮತ್ತು ಸಂಜೆಯಾದ ಮೇಲೆ ಹದಿನೈದು ನಿಮಿಷಕ್ಕೊಮ್ಮೆ ನಡೆಯುವ ಆ ಕಾರಂಜಿಯನ್ನು ಕಾಲುದಾರಿಯಲ್ಲಿ ನಿಂತು ಯಾರು ಬೇಕಾದರೂ ಹಣವಿಲ್ಲದೆ ನೋಡಬಹುದು. ಹೊರಗಿನ ಜಗಲಿಯ ಮೇಜು ಸಿಗುವುದಾದರೆ, ಅದೂ ಹಗಲಿನ ಊಟಕ್ಕೆ, ನನ್ನ ಮತ ಹೌದು. ಒಳಗಿನ ಮೂರನೆಯ ಸಾಲಿನ ಮೇಜಿಗೆ ನೋಟದ ಬೆಲೆ ತೆರುವುದಕ್ಕೆ ನನ್ನ ಒಪ್ಪಿಗೆ ಇಲ್ಲ.

ಕ್ಯಾಸಿನೊದ ಕೆಫೆ

ಪ್ರತಿ ರೆಸಾರ್ಟ್‌ನಲ್ಲೂ ಹೆಚ್ಚು ಹೊತ್ತು ತೆರೆದಿರುವ, ಉದ್ದನೆಯ ಮೆನುವಿನ ಸಾಧಾರಣ ಕೆಫೆಯೊಂದು ಇರುತ್ತದೆ. ವೆನೀಷಿಯನ್‌ನಲ್ಲಿ 1999ರಲ್ಲಿ ಆರಂಭವಾದ ಗ್ರ್ಯಾಂಡ್ ಲಕ್ಸ್ ಕೆಫೆ ಈ ಬಗೆಯದು. ಇಲ್ಲಿ ಅದ್ಭುತವಾದುದೇನೂ ಸಿಗುವುದಿಲ್ಲ, ಆದರೆ ಪ್ರಮಾಣ ಧಾರಾಳವಾಗಿರುತ್ತದೆ. ಅಜ್ಜ, ಅಜ್ಜಿ, ಮಕ್ಕಳೊಂದಿಗೆ ಕೂತು ನಿಧಾನವಾಗಿ ತಿನ್ನಲು, ಇಲ್ಲವೇ ವಿಮಾನ ತಡವಾಗಿ ಬಂದ ರಾತ್ರಿಗೆ ಇದು ಸಾಕು.

ಬಿಲ್ಲಿನ ನಿಜವಾದ ಮೊತ್ತ

ಮೆನುವಿನಲ್ಲಿ ಕಂಡ ದರಗಳನ್ನು ನೇರವಾಗಿ ಹೋಲಿಸಿದರೆ ತಪ್ಪು ತೀರ್ಮಾನಕ್ಕೆ ಬರುತ್ತೇವೆ. ಲಾಸ್ ವೇಗಸ್ ಸೇರಿರುವ ಕ್ಲಾರ್ಕ್ ಕೌಂಟಿಯಲ್ಲಿ ಊಟದ ಮೇಲೆ 8.375 ಶೇಕಡಾ ಮಾರಾಟ ತೆರಿಗೆ ಇದೆ, ಅದು ಮೆನುವಿನ ದರದಲ್ಲಿ ಸೇರಿರುವುದಿಲ್ಲ. ಬಡಿಸುವವರಿರುವ ರೆಸ್ಟೋರೆಂಟ್‌ನಲ್ಲಿ 18ರಿಂದ 20 ಶೇಕಡಾ ಟಿಪ್ಸ್ ನಿರೀಕ್ಷಿತ. ಹೀಗಾಗಿ ಮೆನುವಿನಲ್ಲಿ 40 ಡಾಲರ್ ಎಂದಿರುವ ಊಟಕ್ಕೆ ತೆರಿಗೆ 3.35 ಡಾಲರ್, ಟಿಪ್ಸ್ 8 ಡಾಲರ್ ಸೇರಿ ಕೈಯಿಂದ ಹೋಗುವುದು 51.35 ಡಾಲರ್. ಫುಡ್ ಹಾಲ್‌ನ 18 ಡಾಲರ್ ಊಟ ತೆರಿಗೆ ಸೇರಿ 19.51 ಡಾಲರ್‌ಗೆ ಮುಗಿಯುತ್ತದೆ. ಅಲ್ಲಿಯೂ ಹಣ ಪಾವತಿಸುವ ಪರದೆ ಟಿಪ್ಸ್ ಕೇಳುತ್ತದೆ, ಆದರೆ ಕೌಂಟರ್‌ನಿಂದ ನಾವೇ ತಂದುಕೊಂಡ ಊಟಕ್ಕೆ ಅದು ನಮ್ಮ ಇಚ್ಛೆಗೆ ಬಿಟ್ಟದ್ದು. ಆರು ಅಥವಾ ಅದಕ್ಕಿಂತ ಹೆಚ್ಚು ಮಂದಿಯ ಗುಂಪಿಗೆ ಅನೇಕ ರೆಸ್ಟೋರೆಂಟ್‌ಗಳು ಟಿಪ್ಸನ್ನು ತಾವೇ ಬಿಲ್ಲಿಗೆ ಸೇರಿಸುತ್ತವೆ. ಇನ್ನೂ ಕೆಲವು ಕಡೆ ಬೇರೊಂದು ಹೆಸರಿನ ಚಿಕ್ಕ ಶುಲ್ಕವೂ ಮೆನುವಿನ ಕೆಳಗೆ ಸಣ್ಣ ಅಕ್ಷರದಲ್ಲಿ ಇರುತ್ತದೆ. ಸಹಿ ಹಾಕುವ ಮೊದಲು ಬಿಲ್ಲಿನ ಪ್ರತಿ ಸಾಲನ್ನೂ ಓದುವುದರಲ್ಲಿ ಸಂಕೋಚ ಬೇಡ.

ಕ್ಯಾಸಿನೊದಿಂದ ಪುಕ್ಕಟೆಯಾಗಿ ದೊರೆಯುವ ಊಟದ ಬಗ್ಗೆ ಇಲ್ಲಿಯೇ ಹೇಳಬೇಕು, ಏಕೆಂದರೆ ಹೊಸಬರು ಹೆಚ್ಚು ಮೋಸಹೋಗುವುದು ಇದರಲ್ಲೇ. ಸದಸ್ಯತ್ವದ ಕಾರ್ಡ್ ತೋರಿಸಿ ಜೂಜಾಡುವವರಿಗೆ ಕಾಂಪ್ ಎಂಬ ಹೆಸರಿನಲ್ಲಿ ಊಟ, ಕೋಣೆ ದೊರೆಯುತ್ತದೆ. ಅದನ್ನು ಲೆಕ್ಕ ಹಾಕುವುದು ನಾವು ನಿಜವಾಗಿ ಸೋತದ್ದರ ಮೇಲಲ್ಲ, ಪಣದ ಮೊತ್ತ, ಆಡಿದ ಹೊತ್ತು, ಆ ಆಟದಲ್ಲಿ ಕ್ಯಾಸಿನೊಗಿರುವ ಮೇಲುಗೈ ಇವನ್ನು ಗುಣಿಸಿ ಬರುವ ನಿರೀಕ್ಷಿತ ಸೋಲಿನ ಮೇಲೆ. ತಿರುಗುವ ಚಕ್ರದಲ್ಲಿ ಚೆಂಡು ಯಾವ ಸಂಖ್ಯೆಯ ಮೇಲೆ ನಿಲ್ಲುತ್ತದೆಂದು ಪಣ ಕಟ್ಟುವ ರೂಲೆಟ್ ಆಟದಲ್ಲಿ, ಚಕ್ರದ ಮೇಲೆ ಎರಡು ಸೊನ್ನೆಗಳಿದ್ದರೆ ಕ್ಯಾಸಿನೊದ ಮೇಲುಗೈ 5.26 ಶೇಕಡಾ. ಪ್ರತಿ ಸುತ್ತಿಗೆ 10 ಡಾಲರ್‌ನಂತೆ ಗಂಟೆಗೆ 40 ಸುತ್ತು ಆಡಿದರೆ ನಿರೀಕ್ಷಿತ ಸೋಲು ಸುಮಾರು 21 ಡಾಲರ್. ಸ್ಟ್ರಿಪ್‌ನಲ್ಲಿ ಈಗ ಅನೇಕ ಕಡೆ ಕಾಣುವ ಮೂರು ಸೊನ್ನೆಗಳ ಚಕ್ರದಲ್ಲಾದರೆ ಅದು 30 ಡಾಲರ್ ದಾಟುತ್ತದೆ. ಇದರ ಒಂದು ಅಂಶವನ್ನಷ್ಟೇ ಕಾಂಪ್ ಆಗಿ ಮರಳಿಸುತ್ತಾರೆ. 40 ಡಾಲರ್‌ನ ಊಟವನ್ನು ಹೀಗೆ ಗಳಿಸಲು ಹೊರಟವರು ಅದರ ಹಲವು ಪಟ್ಟು ಕಳೆದುಕೊಳ್ಳುವ ಸಂಭವವೇ ಹೆಚ್ಚು. ಊಟದ ಆಸೆಗೆ ಜೂಜಿನ ಮೇಜಿಗೆ ಕೂರಬೇಡಿ ಎಂದು ಒತ್ತಿ ಹೇಳುತ್ತೇನೆ. ಸದಸ್ಯತ್ವದ ಕಾರ್ಡನ್ನು ಮಾತ್ರ ಅವಶ್ಯ ಪಡೆಯಿರಿ. ಅದಕ್ಕೆ ಹಣ ಕೊಡಬೇಕಿಲ್ಲ, ಕೆಲವೊಮ್ಮೆ ಊಟಕ್ಕೆ ಸದಸ್ಯರ ದರವಿರುತ್ತದೆ, ಕೋಣೆಯ ಮತ್ತು ಊಟದ ಖರ್ಚಿನ ಮೇಲೂ ಅಂಕಗಳು ಸೇರುತ್ತವೆ. ಕೋಣೆಯ ದರದೊಂದಿಗೆ ಊಟದ ಮೊತ್ತವೂ ಸೇರಿದ್ದರೆ, ಅದು ಯಾವ ಯಾವ ರೆಸ್ಟೋರೆಂಟ್‌ಗಳಲ್ಲಿ ಸಲ್ಲುತ್ತದೆ ಎಂಬುದನ್ನು ಮೊದಲೇ ಕೇಳಿ ತಿಳಿದಿರಬೇಕು, ಏಕೆಂದರೆ ಬೇರೆಯವರಿಗೆ ಬಾಡಿಗೆಗೆ ಕೊಟ್ಟಿರುವ ತಾಣಗಳಲ್ಲಿ ಅದು ಸಲ್ಲದೆ ಹೋಗಬಹುದು.

ಹೊಗೆ, ಮಕ್ಕಳು, ಪಥ್ಯ

ನೆವಾಡದ ಮತದಾರರು 2006ರಲ್ಲಿ ಒಪ್ಪಿದ ಕಾನೂನು ರೆಸ್ಟೋರೆಂಟ್‌ಗಳೊಳಗೆ ಧೂಮಪಾನವನ್ನು ನಿಷೇಧಿಸಿತು, ಆದರೆ ಕ್ಯಾಸಿನೊಗಳ ಜೂಜಿನ ಅಂಗಳಕ್ಕೆ ವಿನಾಯಿತಿ ಕೊಟ್ಟಿತು. ಇದರ ಪರಿಣಾಮವಾಗಿ, ಗೋಡೆಯಿಲ್ಲದೆ ಜೂಜಿನ ಅಂಗಳಕ್ಕೆ ತೆರೆದುಕೊಂಡಿರುವ ಕೆಫೆಗಳಲ್ಲಿ ಯಾರೂ ಸೇದದಿದ್ದರೂ ಹೊಗೆಯ ವಾಸನೆ ಬರುತ್ತದೆ. ಉಬ್ಬಸ ಇರುವವರು, ಗರ್ಭಿಣಿಯರು, ಚಿಕ್ಕ ಮಕ್ಕಳಿರುವವರು ಶಾಪಿಂಗ್ ಓಣಿಗಳ ಬದಿಯಲ್ಲಿ ಅಥವಾ ಮೇಲಿನ ಅಂತಸ್ತಿನಲ್ಲಿರುವ ರೆಸ್ಟೋರೆಂಟ್‌ಗಳನ್ನು ಆರಿಸಬೇಕು. 2020ರಿಂದ ಜೂಜಿನ ಅಂಗಳವನ್ನೂ ಸೇರಿಸಿ ಪೂರ್ತಿ ಹೊಗೆರಹಿತವಾಗಿರುವ ಪಾರ್ಕ್ ಎಂಜಿಎಂ ಅವರಿಗೆ ಉತ್ತಮ. 21 ವರ್ಷ ತುಂಬದವರು ಜೂಜಿನ ಅಂಗಳವನ್ನು ಹಾದುಹೋಗಬಹುದು, ಅಲ್ಲಿ ನಿಲ್ಲುವಂತಿಲ್ಲ. ಸಾಲು ಅಂಗಳದೊಳಕ್ಕೆ ಚಾಚಿಕೊಳ್ಳುವ ತಾಣಗಳಿಗೆ ಮಕ್ಕಳೊಂದಿಗೆ ಹೋಗುವುದಾದರೆ ಮುಂಗಡ ಕಾಯ್ದಿರಿಸಿಯೇ ಹೋಗುವುದು ಒಳಿತು.

ಸಸ್ಯಾಹಾರಿಗಳಿಗೆ ವಿನ್ ಮತ್ತು ಅದರ ಜೊತೆಯ ಎನ್‌ಕೋರ್ ಅನುಕೂಲಕರ, ಏಕೆಂದರೆ 2010ರಿಂದ ಅಲ್ಲಿನ ರೆಸ್ಟೋರೆಂಟ್‌ಗಳು ಹಾಲು, ಮೊಟ್ಟೆಯೂ ಇಲ್ಲದ ವೀಗನ್ ಖಾದ್ಯಗಳನ್ನು ಮೆನುವಿನಲ್ಲಿ ಇಟ್ಟಿವೆ. ಬೇರೆಡೆ ವೆಜಿಟೇರಿಯನ್ ಎಂದಷ್ಟೇ ಹೇಳಿದರೆ ಸಾಲದು. ಸೂಪಿನಲ್ಲಿ ಕೋಳಿಯ ಸಾರು, ಮೆಕ್ಸಿಕೊ ಶೈಲಿಯ ಹುರಿದ ಬೀನ್ಸ್‌ನಲ್ಲಿ ಹಂದಿಯ ಕೊಬ್ಬು, ಥಾಯ್ ಸಾಸ್‌ನಲ್ಲಿ ಮೀನಿನ ರಸ, ಸಿಹಿತಿಂಡಿಯಲ್ಲಿ ಪ್ರಾಣಿಗಳಿಂದ ತೆಗೆದ ಜೆಲಟಿನ್ ಇರಬಹುದು. ಇವುಗಳ ಹೆಸರನ್ನು ಹೇಳಿಯೇ ಕೇಳಬೇಕು. ಕಡಲೆಕಾಯಿ ಅಥವಾ ಸಿಗಡಿಯ ಅಲರ್ಜಿಯುಳ್ಳವರಿಗೆ ಬಫೆ ಯೋಗ್ಯವಲ್ಲ, ಏಕೆಂದರೆ ಒಂದು ಪಾತ್ರೆಯ ಚಮಚವನ್ನು ಇನ್ನೊಂದಕ್ಕೆ ಹಾಕುವ ಗಿರಾಕಿಗಳನ್ನು ತಡೆಯುವುದು ಯಾರಿಂದಲೂ ಆಗದು. ಬಡಿಸುವವರಿರುವ ರೆಸ್ಟೋರೆಂಟ್‌ನಲ್ಲಿ ಕಾಯ್ದಿರಿಸುವಾಗಲೇ ತಿಳಿಸಿದರೆ ಅಡುಗೆಮನೆ ಸಿದ್ಧವಾಗಿರುತ್ತದೆ.

ಯಾರಿಗೆ ಯಾವುದು

ದೂರವನ್ನು ಯಾರೂ ಹಗುರವಾಗಿ ಕಾಣಬಾರದು. ನಕ್ಷೆಯಲ್ಲಿ ಪಕ್ಕಪಕ್ಕದಲ್ಲಿರುವಂತೆ ಕಾಣುವ ಎರಡು ರೆಸಾರ್ಟ್‌ಗಳ ನಡುವೆ, ಕೋಣೆಯಿಂದ ಲಿಫ್ಟ್, ಜೂಜಿನ ಅಂಗಳ, ಮೇಲ್ಸೇತುವೆ ಎಲ್ಲ ದಾಟಿ ಮೇಜು ಮುಟ್ಟುವುದಕ್ಕೆ ಅರ್ಧ ಗಂಟೆ ಬೇಕಾಗಬಹುದು, ಬೇಸಿಗೆಯಲ್ಲಂತೂ ಹೊರಗೆ 40 ಡಿಗ್ರಿ ಮೀರಿದ ಬಿಸಿಲು. ವಯಸ್ಸಾದವರೊಂದಿಗೆ ಇರುವವರು ತಾವಿಳಿದ ರೆಸಾರ್ಟ್‌ನಲ್ಲೇ ಇರುವ ಎರಡನೆಯ ದರ್ಜೆಯ ಆಯ್ಕೆಯನ್ನು, ದೂರದ ಮೊದಲ ದರ್ಜೆಯದಕ್ಕಿಂತ ಮೇಲೆಂದು ಪರಿಗಣಿಸಲಿ.

ಮಕ್ಕಳಿರುವ ಕುಟುಂಬಕ್ಕೆ ಫುಡ್ ಹಾಲ್, ಜೊತೆಗೆ ಒಂದು ಹೊತ್ತು ಬ್ರಂಚ್ ಬಫೆ ಸಾಕು. ಮದುವೆಯ ವಾರ್ಷಿಕೋತ್ಸವಕ್ಕೆಂದು ಬಂದ ದಂಪತಿ ಬಫೆಯನ್ನು ಬಿಟ್ಟು, ಆ ಹಣವನ್ನು ಒಂದು ಒಳ್ಳೆಯ ರೆಸ್ಟೋರೆಂಟ್‌ನ ಸಂಜೆಗೆ ಸೇರಿಸಿಕೊಳ್ಳಲಿ. ಸಮ್ಮೇಳನಕ್ಕೆ ಬಂದವರು, ಅದರಲ್ಲೂ ಜನವರಿಯಲ್ಲಿ ನಡೆಯುವ ಸಿಇಎಸ್ ಎಂಬ ಎಲೆಕ್ಟ್ರಾನಿಕ್ಸ್ ವಸ್ತುಪ್ರದರ್ಶನದ ವಾರದಲ್ಲಿ ಬಂದವರು, ರಾತ್ರಿಯೂಟವನ್ನು ಪ್ರಯಾಣಕ್ಕೆ ಮೊದಲೇ ಕಾಯ್ದಿರಿಸದಿದ್ದರೆ ಎಂಟು ಗಂಟೆಗೆ ಮೇಜು ಸಿಗುವ ಆಸೆಯನ್ನು ಬಿಡಬೇಕು. ಹಣಕ್ಕೆ ತಕ್ಕ ರುಚಿಯೇ ಮುಖ್ಯವೆನ್ನುವವರು, ಕಾರಿನಲ್ಲಿ ಹತ್ತು ಹದಿನೈದು ನಿಮಿಷ ಹೋಗಲು ಸಿದ್ಧರಿದ್ದರೆ, ಸ್ಟ್ರಿಪ್‌ನ ಪಶ್ಚಿಮಕ್ಕೆ ಸ್ಪ್ರಿಂಗ್ ಮೌಂಟನ್ ರಸ್ತೆಯಲ್ಲಿ 1995ರಲ್ಲಿ ಆರಂಭವಾಗಿ ಬೆಳೆಯುತ್ತ ಬಂದಿರುವ ಚೈನಾಟೌನ್‌ಗೆ ಹೋಗಲಿ. ಅಲ್ಲಿನ ಊಟ ರೆಸಾರ್ಟ್‌ನೊಳಗಿನ ಅದೇ ಬಗೆಯ ಊಟಕ್ಕಿಂತ ಬಹಳ ಕಡಿಮೆ ಬೆಲೆಗೆ ಸಿಗುತ್ತದೆ.

ಪ್ರದರ್ಶನಕ್ಕೆ ಟಿಕೆಟ್ ಕೊಂಡಿರುವವರು ಊಟಕ್ಕೆ ಕೂರುವುದಕ್ಕೂ ಪ್ರದರ್ಶನ ಆರಂಭವಾಗುವುದಕ್ಕೂ ನಡುವೆ ಕನಿಷ್ಠ ಎರಡು ಗಂಟೆ ಬಿಟ್ಟು, ಅದೇ ಕಟ್ಟಡದ ರೆಸ್ಟೋರೆಂಟ್ ಆರಿಸಿ, ಬಡಿಸುವವರಿಗೆ ಕುಳಿತ ಕೂಡಲೇ ಪ್ರದರ್ಶನದ ಸಮಯವನ್ನು ತಿಳಿಸಬೇಕು. ಕಾಯ್ದಿರಿಸಿದ್ದನ್ನು ರದ್ದುಪಡಿಸುವುದಾದರೆ, ಹೆಚ್ಚಿನ ದೊಡ್ಡ ರೆಸ್ಟೋರೆಂಟ್‌ಗಳಲ್ಲಿ ಒಂದು ಅಥವಾ ಎರಡು ದಿನ ಮೊದಲೇ ತಿಳಿಸದಿದ್ದರೆ ಕ್ರೆಡಿಟ್ ಕಾರ್ಡಿನಿಂದ ತಲೆಗೆ ಇಷ್ಟು ಎಂದು ಹಣ ಕಡಿತವಾಗುತ್ತದೆ. ಆ ಗಡುವನ್ನು ಟಿಕೆಟ್ ದಿನಾಂಕದ ಪಕ್ಕದಲ್ಲೇ ಬರೆದಿಟ್ಟುಕೊಳ್ಳಿ.